ಮನೆಯ ಕಾಂಕ್ರೀಟಿಗೆ ನ್ಯಾನೊ ಸಿಲಿಕಾ ಬೆರೆಸಿದರೆ ಬಾಳಿಕೆ ನಿಜವಾಗಿಯೂ ಹೆಚ್ಚುತ್ತದೆಯೇ?

ಮೂವತ್ತು-ನಲವತ್ತು ಎಂಬ ಹೆಸರಿನವರು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಉತ್ತರಹಳ್ಳಿಯ ಕಡೆ ನಮ್ಮದೊಂದು ಮೂವತ್ತು-ನಲವತ್ತರ ಸೈಟಿದೆ. ಅದರಲ್ಲಿ ನೆಲಮಹಡಿ ಮತ್ತು ಒಂದನೆಯ ಮಹಡಿಯ ಮನೆ ಕಟ್ಟಿಸುತ್ತಿದ್ದೇವೆ. ಪಾಯ ಮುಗಿದಿದೆ, ಸಂಪಿನ ಗುಂಡಿಯನ್ನೂ ತೋಡಿ ಆಗಿದೆ. ಇನ್ನು ಮೂರು ವಾರಕ್ಕೆ ಸಂಪಿನ ಕಾಂಕ್ರೀಟ್, ಅದಾದ ಒಂದೂವರೆ ತಿಂಗಳಿಗೆ ಮೊದಲ ಮೋಲ್ಡ್, ಅಂದರೆ ಕಾಂಕ್ರೀಟ್ ಛಾವಣಿ, ಹಾಕಬೇಕೆಂದು ಲೆಕ್ಕ ಹಾಕಿಕೊಂಡಿದ್ದೇವೆ.

ನನಗೆ ಬಾಳಿಕೆಯ ಚಿಂತೆ ಹತ್ತಿರುವುದಕ್ಕೆ ಕಾರಣವಿದೆ. ನಾವು ಈಗ ವಾಸವಿರುವ ಮನೆಗೆ ಹದಿನೆಂಟು ವರ್ಷವಾಗಿದೆ. ಕಳೆದ ಮಳೆಗಾಲದಲ್ಲಿ ಅದರ ಮುಂಬದಿಯ ಸಜ್ಜಾದ ತಳದಿಂದ ಅಂಗೈಯಗಲದ ಚಕ್ಕೆಯೊಂದು ಕಳಚಿ ತುಳಸಿ ಕಟ್ಟೆಯ ಪಕ್ಕಕ್ಕೆ ಬಿತ್ತು. ತಲೆಯೆತ್ತಿ ನೋಡಿದರೆ ಒಳಗಿನ ಕಂಬಿ ತುಕ್ಕು ಹಿಡಿದು ಈರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಎದ್ದಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ನನ್ನ ತಾಯಿ ಅಲ್ಲಿಯೇ ದೀಪ ಹಚ್ಚಿ ಒಳಗೆ ಬಂದಿದ್ದರು.

ಈಗ ಕಟ್ಟಡ ಸಾಮಗ್ರಿ ಮಾರುವವರೊಬ್ಬರು ಸೈಟಿಗೇ ಬಂದು, ನ್ಯಾನೊ ಸಿಲಿಕಾ ಎಂಬ ದ್ರಾವಣದ 5 ಲೀಟರಿನ ಕ್ಯಾನ್ ತೋರಿಸಿ, ಒಂದು ಮೂಟೆ ಸಿಮೆಂಟಿಗೆ 200 ಮಿಲಿಲೀಟರಿನಂತೆ ಬೆರೆಸಿದರೆ ಕಾಂಕ್ರೀಟಿನೊಳಗೆ ನೀರೇ ಇಳಿಯುವುದಿಲ್ಲ, ಕಂಬಿಗೆ ತುಕ್ಕು ಹಿಡಿಯುವುದಿಲ್ಲ, ಗಾರೆಯಲ್ಲಿ ಬಿರುಕೇ ಬರುವುದಿಲ್ಲ ಎಂದು ಹೇಳಿ ಹೋಗಿದ್ದಾರೆ. ನಮ್ಮ ಮೇಸ್ತ್ರಿಯವರು ಅದೆಲ್ಲ ಬೇಡ, ಒಂದು ಮೂಟೆ ಸಿಮೆಂಟ್ ಜಾಸ್ತಿ ಹಾಕಿದರೆ ಮುಗಿಯಿತು ಎನ್ನುತ್ತಾರೆ. ಈ ಪದಾರ್ಥ ಒಳಗೆ ಮಾಡುವ ಕೆಲಸವಾದರೂ ಏನು, ಮನೆಯ ಯಾವ ಭಾಗಕ್ಕೆ ಅದು ತಕ್ಕದ್ದು, ಸಂಪಿನ ಒಳಗಿನ ಪ್ಲಾಸ್ಟರಿಂಗಿಗೂ ಬಳಸಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಸೆಂಟ್ರಿಂಗ್ ಶೀಟು ಅವರ ಉತ್ತರ:

ಇಪ್ಪತ್ತೆರಡು ವರ್ಷಗಳಿಂದ ಇದೇ ನಗರದಲ್ಲಿ ಮನೆ ಕಟ್ಟಿಸುವ ಗುತ್ತಿಗೆ ಕೆಲಸ ಮಾಡುತ್ತಿರುವ ನಾನು ಇಂಥ ಕ್ಯಾನುಗಳನ್ನು ಬೇರೆ ಬೇರೆ ಹೆಸರಿನಲ್ಲಿ ಸಾಕಷ್ಟು ನೋಡಿದ್ದೇನೆ. ಮೊದಲು ವಾಟರ್‌ಪ್ರೂಫ್ ಎನ್ನುತ್ತಿದ್ದರು, ಈಗ ನ್ಯಾನೊ ಎನ್ನುತ್ತಾರೆ. ನಿಮ್ಮ ಹಳೆಯ ಮನೆಯ ಸಜ್ಜಾ ಬಿದ್ದದ್ದು ನ್ಯಾನೊ ಇರಲಿಲ್ಲ ಎಂಬ ಕಾರಣಕ್ಕಂತೂ ಅಲ್ಲ. ಚಕ್ಕೆ ಬಿದ್ದ ಜಾಗದಲ್ಲಿ ಒಮ್ಮೆ ಅಳತೆಪಟ್ಟಿ ಹಿಡಿದು ನೋಡಿ. ಕಂಬಿಯ ಕೆಳಗೆ ಎಷ್ಟು ದಪ್ಪದ ಕಾಂಕ್ರೀಟ್ ಇತ್ತು ಎಂಬುದರಲ್ಲಿಯೇ ಮುಕ್ಕಾಲು ಉತ್ತರ ಸಿಗುತ್ತದೆ. ಕಂಬಿಯನ್ನು ಸೆಂಟ್ರಿಂಗ್ ಶೀಟಿನಿಂದ ಮೇಲೆತ್ತಿ ಹಿಡಿಯುವ ಕವರ್ ಬ್ಲಾಕ್ ಇಡುವ ಬದಲು ಜಲ್ಲಿಕಲ್ಲಿನ ಚೂರನ್ನು ಸಿಕ್ಕಿಸಿ, ಕಾಂಕ್ರೀಟ್ ಸುರಿಯುವಾಗ ಅದರ ಮೇಲೆಯೇ ಓಡಾಡಿದರೆ ಕಂಬಿ ಸೀದಾ ಶೀಟಿಗೆ ತಾಗಿಕೊಂಡು ಕೂರುತ್ತದೆ.

ನನ್ನ ಸಲಹೆ ಕೇಳುವುದಾದರೆ, ಆ ಕ್ಯಾನಿನ ಹಣದಲ್ಲಿ ಒಳ್ಳೆಯ ಕವರ್ ಬ್ಲಾಕ್ ತರಿಸಿ, ಕೈಕೊಡದ ವೈಬ್ರೇಟರ್ ಒಂದನ್ನು ಬಾಡಿಗೆಗೆ ಹಿಡಿಯಿರಿ, ನೀರು ಹಾಯಿಸುವುದಕ್ಕೆಂದೇ ಒಬ್ಬರನ್ನು ಹತ್ತು ದಿನ ಗೊತ್ತುಮಾಡಿ.

ಕ್ಯೂಬ್ ಮುರಿಯುವವ ಅವರ ಉತ್ತರ:

ಸೆಂಟ್ರಿಂಗ್ ಶೀಟು ಅವರ ಮಾತಿಗೆ ನನ್ನ ತಕರಾರಿಲ್ಲ, ಆದರೆ ನ್ಯಾನೊ ಸಿಲಿಕಾ ಬರೀ ಮಾರಾಟದ ಮಾತು ಎಂದು ತಳ್ಳಿಹಾಕುವುದೂ ಸರಿಯಲ್ಲ. ಕಟ್ಟಡ ಸಾಮಗ್ರಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಉದ್ದವಾದರೆ ಕ್ಷಮಿಸಿ.

ಸಿಮೆಂಟ್ ನೀರಿನೊಡನೆ ಸೇರಿದಾಗ ಮುಖ್ಯವಾಗಿ ಎರಡು ಪದಾರ್ಥಗಳು ಹುಟ್ಟುತ್ತವೆ. ಒಂದು, ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟು. ಕಾಂಕ್ರೀಟಿನ ಬಲವೆಲ್ಲ ಇದರದ್ದೇ. ಇನ್ನೊಂದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಸುಣ್ಣ. ಗಟ್ಟಿಯಾದ ಸಿಮೆಂಟಿನಲ್ಲಿ ಸರಿಸುಮಾರು ಐದನೆಯ ಒಂದು ಪಾಲು ಈ ಸುಣ್ಣವೇ ಇರುತ್ತದೆ. ಅದಕ್ಕೆ ಬಲ ಕಡಿಮೆ, ನೀರು ಹರಿಯುತ್ತಿದ್ದರೆ ನಿಧಾನವಾಗಿ ಕರಗಿ ಹೋಗುತ್ತದೆ, ಅಲ್ಲದೆ ಜಲ್ಲಿಯ ಮೈಯ ಸುತ್ತಲಿನ ತೆಳುವಾದ ಪದರದಲ್ಲಿ ದೊಡ್ಡ ಹರಳುಗಳಾಗಿ ಕೂತು ಆ ಪದರವನ್ನು ಸಡಿಲಗೊಳಿಸುತ್ತದೆ. ಹರಳಾಗದ ಸಿಲಿಕಾವನ್ನು (ಮರಳಿನದೇ ಪದಾರ್ಥ, ಆದರೆ ಹರಳಿನ ರೂಪವಿಲ್ಲದ್ದು) ನಾವು ಬೆರೆಸಿದಾಗ ಅದು ಈ ಸುಣ್ಣವನ್ನು ಹಿಡಿದುಕೊಂಡು, ಮತ್ತಷ್ಟು ಅಂಟಾಗಿ ಮಾರ್ಪಡುತ್ತದೆ. ಇದರಲ್ಲಿ ಹೊಸ ರಸಾಯನಶಾಸ್ತ್ರವೇನೂ ಇಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ. ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿಯಲ್ಲಿರುವ ಸಿಲಿಕಾ ಸುಣ್ಣದೊಡನೆ ಕೂಡಿ ಇದೇ ಬಗೆಯ ಅಂಟನ್ನು ಕಟ್ಟಿಕೊಡುತ್ತದೆ. ಹಾರುಬೂದಿಯದೂ ಇದೇ ದಾರಿ. ಬೇರೆಯಾಗಿರುವುದು ಕಣದ ಗಾತ್ರ ಮತ್ತು ಅದರಿಂದ ಬರುವ ವೇಗ ಮಾತ್ರ.

ಗಾತ್ರದ ಮಾತನ್ನು ಸರಿಯಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಸಿಮೆಂಟಿನ ಸಾಮಾನ್ಯ ಕಣ 10ರಿಂದ 20 ಮೈಕ್ರಾನ್ ಇದ್ದರೆ, ಸಿಲಿಕಾ ಫ್ಯೂಮ್ ಎಂಬ ನುಣುಪಾದ ಸಿಲಿಕಾ ಪುಡಿಯ ಕಣ ಅದರ ನೂರನೆಯ ಒಂದು ಪಾಲು, ನ್ಯಾನೊ ಸಿಲಿಕಾದ ಕಣ 5ರಿಂದ 50 ನ್ಯಾನೊಮೀಟರ್, ಅಂದರೆ ಇನ್ನೂ ಕಿರಿದು. ಕುಂಬಳಕಾಯಿಯ ರಾಶಿಯ ಸಂದಿಗೆ ನಿಂಬೆಹಣ್ಣು, ನಿಂಬೆಹಣ್ಣಿನ ಸಂದಿಗೆ ಸಾಸಿವೆ ಸುರಿದಂತೆ ಇದು ಸಂದಿಗಳನ್ನು ತುಂಬುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೆಪ್ಪು ಹಾಕಿದ ಹಾಗೆ, ಹೊಸ ಅಂಟು ಬೆಳೆಯಲು ಲೆಕ್ಕವಿಲ್ಲದಷ್ಟು ನೆಲೆಗಳನ್ನು ಒದಗಿಸುತ್ತದೆ. ಇದರಿಂದ ಮೊದಲ ಒಂದೆರಡು ದಿನಗಳ ಬಲ ಬೇಗ ಬರುತ್ತದೆ, ಜಲ್ಲಿಯ ಸುತ್ತಲಿನ ಸಡಿಲ ಪದರ ಬಿಗಿಯಾಗುತ್ತದೆ, ರಂಧ್ರಗಳು ಸಣ್ಣದಾಗಿ ಒಂದರಿಂದೊಂದು ಕಡಿದುಕೊಳ್ಳುತ್ತವೆ.

ಆದರೆ ಅದೇ ಗಾತ್ರ ತೊಂದರೆಯನ್ನೂ ತರುತ್ತದೆ. ಒಂದು ಗ್ರಾಮಿಗೆ 200 ಚದರ ಮೀಟರ್ ಮೇಲ್ಮೈ ಇರುವ ನ್ಯಾನೊ ಸಿಲಿಕಾವನ್ನು ಐದು ಕಿಲೋ ತೆಗೆದುಕೊಂಡರೆ ಅದರ ಒಟ್ಟು ಮೇಲ್ಮೈ ಹತ್ತು ಲಕ್ಷ ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಲಾಲ್‌ಬಾಗಿನ 240 ಎಕರೆಯಷ್ಟಾಗುತ್ತದೆ. ಒಂದು ಇಡೀ ಮೂಟೆ ಸಿಮೆಂಟಿನ ಮೇಲ್ಮೈ ನಾಲ್ಕು ಎಕರೆಯ ಆಸುಪಾಸಿನಲ್ಲಿರುತ್ತದೆ, ಅಷ್ಟೇ. ಅಷ್ಟು ಅಗಲದ ಮೈಯನ್ನು ತೋಯಿಸಲು ನೀರು ಬೇಕಲ್ಲವೇ? ಕಲಸಿದ ಮಾಲು ಗಟ್ಟಿಯಾಗಿ, ಬಾಣಲಿಯಿಂದ ಜಾರದಂತಾಗುತ್ತದೆ. ಆಗ ಸೈಟಿನಲ್ಲಿ ಯಾರೂ, ನೀರು ಹೆಚ್ಚಿಸದೆ ಮಾಲನ್ನು ಸಡಿಲಗೊಳಿಸುವ ಸೂಪರ್‌ಪ್ಲಾಸ್ಟಿಸೈಸರ್ ಹುಡುಕುವುದಿಲ್ಲ, ಒಂದು ಬಕೆಟ್ ನೀರು ಸುರಿಯುತ್ತಾರೆ. ನ್ಯಾನೊ ತಂದುಕೊಟ್ಟ ಲಾಭವೆಲ್ಲ ಆ ಬಕೆಟ್ಟಿನಲ್ಲಿ ಹೋಯಿತು.

ಹೋಯಿತು ಎನ್ನುವುದಕ್ಕೆ ಆಧಾರವಿದೆ. ಸಿಮೆಂಟಿಗೆ ರಾಸಾಯನಿಕವಾಗಿ ಬೇಕಾಗುವುದಕ್ಕಿಂತ ಹೆಚ್ಚಾದ ನೀರು ಆರಿದ ಮೇಲೆ ತಾನಿದ್ದ ಜಾಗವನ್ನು ಕೂದಲೆಳೆಯಂಥ ರಂಧ್ರವಾಗಿ ಬಿಟ್ಟು ಹೋಗುತ್ತದೆ. ಈ ರಂಧ್ರಗಳು ಅಂಟಿನ ಬೆಳವಣಿಗೆಯಿಂದ ಮುಚ್ಚಿಕೊಂಡು ಒಂದಕ್ಕೊಂದು ಸಂಪರ್ಕ ಕಳೆದುಕೊಳ್ಳಲು ಎಷ್ಟು ದಿನ ಬೇಕು ಎಂಬುದನ್ನು ಅಮೆರಿಕದ ಪವರ್ಸ್ ಮತ್ತು ಸಂಗಡಿಗರು 1959ರಲ್ಲಿಯೇ ತೋರಿಸಿದ್ದಾರೆ. ನೀರು-ಸಿಮೆಂಟ್ ಅನುಪಾತ, ಅಂದರೆ ಸಿಮೆಂಟಿನ ತೂಕಕ್ಕೆ ನೀರಿನ ತೂಕದ ಪಾಲು, 0.45 ಇದ್ದರೆ ಏಳು ದಿನದ ಕ್ಯೂರಿಂಗ್ (ನೀರು ಹಾಯಿಸಿ ತೇವವಾಗಿಡುವುದು) ಸಾಕು, 0.5 ಆದರೆ ಹದಿನಾಲ್ಕು ದಿನ, 0.6 ಆದರೆ ಆರು ತಿಂಗಳು, 0.7 ಆದರೆ ಒಂದು ವರ್ಷ ಬೇಕು, ಅದನ್ನೂ ದಾಟಿದರೆ ಎಷ್ಟು ವರ್ಷ ನೀರು ಹಾಯಿಸಿದರೂ ಮುಚ್ಚುವುದಿಲ್ಲ. ಒಂದು ಮೂಟೆಗೆ 0.45ರ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ಲೀಟರ್ ನೀರು. ಅದರ ಮೇಲೆ ಹತ್ತು ಲೀಟರಿನ ಒಂದೇ ಒಂದು ಬಕೆಟ್ ಬಿದ್ದರೆ ಅನುಪಾತ 0.65ಕ್ಕೆ ಏರುತ್ತದೆ. ನಮ್ಮೂರಿನಲ್ಲಿ ಆರು ತಿಂಗಳು ಮೋಲ್ಡಿಗೆ ನೀರು ಹಾಯಿಸುವವರು ಯಾರಿದ್ದಾರೆ? ಟ್ಯಾಂಕರ್ ನೀರಿನ ಬೆಲೆಯಲ್ಲಿ ಏಳು ದಿನವೇ ದೊಡ್ಡದು. ಮೇಸ್ತ್ರಿಯವರು ಹೇಳುವಂತೆ ಸಿಮೆಂಟ್ ಒಂದು ಮೂಟೆ ಹೆಚ್ಚು ಹಾಕಿ, ಅದಕ್ಕೆ ತಕ್ಕಂತೆ ನೀರನ್ನೂ ಹೆಚ್ಚಿಸಿದರೆ ಅನುಪಾತ ಇದ್ದಲ್ಲಿಯೇ ಇರುತ್ತದೆ, ಶಾಖ ಮತ್ತು ಕುಗ್ಗುವಿಕೆ ಮಾತ್ರ ಹೆಚ್ಚುತ್ತವೆ.

ಇನ್ನು ನಿಮ್ಮ ಸಜ್ಜಾದ ಕಥೆ. ಬೆಂಗಳೂರಿನಲ್ಲಿ ಮಂಗಳೂರಿನಂತೆ ಕಡಲ ಉಪ್ಪಿನ ಕಾಟವಿಲ್ಲ. ಇಲ್ಲಿ ಕಂಬಿಯನ್ನು ತಿನ್ನುವುದು ಹೆಚ್ಚಾಗಿ ಗಾಳಿಯ ಇಂಗಾಲದ ಡೈಆಕ್ಸೈಡ್. ಕಾಂಕ್ರೀಟಿನ ಒಳಗಿನ ಸುಣ್ಣದಿಂದಾಗಿ ಪಿಎಚ್, ಅಂದರೆ ಕ್ಷಾರದ ಮಟ್ಟ, 12.5ಕ್ಕಿಂತ ಮೇಲಿರುವವರೆಗೂ ಕಂಬಿಯ ಮೈಮೇಲೆ ಒಂದು ರಕ್ಷಣೆಯ ಪೊರೆ ಇರುತ್ತದೆ. ಗಾಳಿ ಒಳಸೇರಿ ಸುಣ್ಣವನ್ನು ಕಾರ್ಬೊನೇಟ್ ಆಗಿಸುತ್ತಾ ಬಂದಂತೆ ಪಿಎಚ್ 9ಕ್ಕಿಂತ ಕೆಳಗಿಳಿದು ಆ ಪೊರೆ ಒಡೆಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಕೇಳುವುದರಿಂದ ಕಾಂಕ್ರೀಟ್ ಸಿಡಿದು ಚಕ್ಕೆಯಾಗಿ ಬೀಳುತ್ತದೆ. ಬಿದ್ದ ಚಕ್ಕೆಯಿದ್ದ ಜಾಗದ ಪಕ್ಕದಲ್ಲಿ ಹೊಸದಾಗಿ ಸ್ವಲ್ಪ ಒಡೆಸಿ, ಪುಡಿಯನ್ನು ಊದಿ ತೆಗೆದು, ಕ್ಷಾರವಿದ್ದಲ್ಲಿ ಬಣ್ಣ ತಿರುಗುವ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿ ನೋಡಿ. ಒಳಗಿನ ಆರೋಗ್ಯವಂತ ಭಾಗ ಕ್ಷಣದಲ್ಲಿ ಕಡುಗುಲಾಬಿಗೆ ತಿರುಗುತ್ತದೆ, ಹೊರಗಿನ ಸತ್ತ ಭಾಗ ಬೂದುಬಣ್ಣದಲ್ಲಿಯೇ ಉಳಿಯುತ್ತದೆ, ಎರಡರ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಈ ಆಳ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಾಲ್ಕು ವರ್ಷದಲ್ಲಿ 10 ಮಿಲಿಮೀಟರ್ ಇಳಿದಿದ್ದರೆ ಹದಿನಾರು ವರ್ಷಕ್ಕೆ 20 ಮಿಲಿಮೀಟರ್. ಹದಿನೆಂಟನೆಯ ವರ್ಷದಲ್ಲಿ ಸಜ್ಜಾ ಯಾಕೆ ಬಿತ್ತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಇಲ್ಲಿಯೇ ಒಂದು ಸೂಕ್ಷ್ಮವಿದೆ, ಮಾರುವವರು ಇದನ್ನು ಹೇಳುವುದಿಲ್ಲ. ಸಿಲಿಕಾ ಸುಣ್ಣವನ್ನು ತಿನ್ನುತ್ತದೆ ಎಂದೆನಲ್ಲ, ಕಂಬಿಯನ್ನು ಕಾಯುವ ಸುಣ್ಣವೂ ಅದೇ. ರಂಧ್ರಗಳು ಬಿಗಿಯಾಗಿ ಗಾಳಿ ಒಳಹೋಗುವುದು ಕಡಿಮೆಯಾದಾಗ ಈ ನಷ್ಟ ತುಂಬಿ ಬರುತ್ತದೆ. ಕ್ಯೂರಿಂಗ್ ಕೆಟ್ಟರೆ ಸುಣ್ಣವೂ ಇಲ್ಲ, ಬಿಗಿಯೂ ಇಲ್ಲ ಎಂಬಂತಾಗುತ್ತದೆ. ಆದ್ದರಿಂದ ನ್ಯಾನೊ ಬೆರೆಸಿದ ಕಾಂಕ್ರೀಟಿಗೆ ಆರೈಕೆ ಹೆಚ್ಚು ಬೇಕೇ ಹೊರತು ಕಡಿಮೆಯಲ್ಲ.

ನ್ಯಾನೊ ಎಂದರೆ ಸಿಲಿಕಾ ಒಂದೇ ಅಲ್ಲ. ಟೈಟೇನಿಯಂ ಡೈಆಕ್ಸೈಡ್ ಬೆರೆಸಿದ ಬಿಳಿ ಸಿಮೆಂಟ್ ಬಿಸಿಲಿನಲ್ಲಿ ತನ್ನ ಮೇಲಿನ ಕೊಳೆಯನ್ನು ತಾನೇ ಒಡೆಯುತ್ತದೆ, 2003ರಲ್ಲಿ ಮುಗಿದ ರೋಮ್ ನಗರದ ಜುಬಿಲಿ ಚರ್ಚನ್ನು ಅದರಿಂದಲೇ ಕಟ್ಟಿದ್ದಾರೆ. ಅದು ಮೈಯ ಅಂದಕ್ಕೆ, ಕಂಬಿಯ ಬಾಳಿಕೆಗಲ್ಲ. ಕಾರ್ಬನ್ ನ್ಯಾನೊಟ್ಯೂಬ್, ಗ್ರಾಫೀನ್ ಆಕ್ಸೈಡ್ ಇತ್ಯಾದಿಗಳು ಸೂಕ್ಷ್ಮ ಬಿರುಕುಗಳನ್ನು ಹಿಡಿದಿಡಬಲ್ಲವು, ಆದರೆ ಅವನ್ನು ಗಂಟು ಕಟ್ಟದಂತೆ ಹರಡುವುದೇ ಕಷ್ಟ. ಮನೆ ಕಟ್ಟುವವರು ಸದ್ಯಕ್ಕೆ ಅವುಗಳ ಗೊಡವೆಗೆ ಹೋಗಬೇಕಿಲ್ಲ.

ಮೂವತ್ತು-ನಲವತ್ತು ಅವರ ಮರುಮಾತು:

ಇಬ್ಬರಿಗೂ ಧನ್ಯವಾದಗಳು. ಅಳತೆಪಟ್ಟಿ ಹಿಡಿದು ನೋಡಿದೆ. ಸಜ್ಜಾದ ಕಂಬಿಯ ಕೆಳಗೆ ಒಂದು ಕಡೆ 8 ಮಿಲಿಮೀಟರ್, ಇನ್ನೊಂದು ಕಡೆ 11 ಮಿಲಿಮೀಟರ್ ಇದೆ.

ಕ್ಯಾನಿನ ವಿಷಯ. ಮಾರಾಟಗಾರರಿಗೆ ಫೋನ್ ಮಾಡಿ ಮಾಹಿತಿ ಪತ್ರ ತರಿಸಿಕೊಂಡೆ. ಕಲಾಯ್ಡಲ್ ಸಿಲಿಕಾ (ನೀರಿನಲ್ಲಿ ತೇಲಿಬಿಟ್ಟ ಸಿಲಿಕಾ ಕಣಗಳು), ಘನಾಂಶ ಶೇಕಡಾ 30, ಸಾಂದ್ರತೆ 1.2 ಎಂದಿದೆ. ಅವರೇ ತಾರಸಿಯ ಮೇಲೆ ಬಳಿಯುವುದಕ್ಕೆಂದು ಇನ್ನೊಂದು ಕ್ಯಾನನ್ನೂ ಕೊಡುತ್ತಾರಂತೆ. ಅದರ ಮೇಲೆಯೂ ದೊಡ್ಡಕ್ಷರದಲ್ಲಿ ನ್ಯಾನೊ ಎಂದೇ ಇದೆ, ಕೆಳಗೆ ಸಣ್ಣಕ್ಷರದಲ್ಲಿ ಸಿಲೇನ್-ಸಿಲಾಕ್ಸೇನ್ ಎಂದಿದೆ. ಎರಡೂ ಒಂದೇ ಏನು?

ಕ್ಯೂಬ್ ಮುರಿಯುವವ ಅವರ ಉತ್ತರ:

ಒಂದೇ ಅಲ್ಲ. ಸಿಲೇನ್-ಸಿಲಾಕ್ಸೇನ್ ರಂಧ್ರವನ್ನು ತುಂಬುವುದಿಲ್ಲ, ರಂಧ್ರದ ಒಳಗೋಡೆಗೆ ಹಿಡಿದುಕೊಂಡು ನೀರು ಅಂಟದಂತೆ ಮಾಡುತ್ತದೆ, ಕೆಸುವಿನೆಲೆಯ ಮೇಲೆ ನೀರು ಉರುಳಿದ ಹಾಗೆ. ಮಳೆ ಹೊಡೆಯುವ ಹೊರಗೋಡೆಗೆ ಅದು ಒಳ್ಳೆಯದೇ. ಆದರೆ ನೀರು ನಿಂತು ಒತ್ತುವ ಸಂಪಿನೊಳಗೆ ಅದನ್ನು ನಂಬಬಾರದು.

ಮೊದಲನೆಯ ಕ್ಯಾನಿನ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. 200 ಮಿಲಿಲೀಟರ್ ದ್ರಾವಣ 240 ಗ್ರಾಮ್ ತೂಗುತ್ತದೆ. ಅದರಲ್ಲಿ ಶೇಕಡಾ 30, ಅಂದರೆ 72 ಗ್ರಾಮ್ ಸಿಲಿಕಾ. 50 ಕಿಲೋ ಸಿಮೆಂಟಿಗೆ ಅದು ಶೇಕಡಾ 0.14ರಷ್ಟಾಯಿತು. ಸಂಶೋಧನೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಸಿಮೆಂಟಿನ ತೂಕದ ಶೇಕಡಾ 1ರಿಂದ 3. ಒಂದು ಮೂಟೆ ಸಿಮೆಂಟಿನಿಂದ ಹುಟ್ಟುವ ಸುಣ್ಣ ಸುಮಾರು ಹತ್ತು ಕಿಲೋ ಎಂದಿಟ್ಟುಕೊಂಡರೆ, 72 ಗ್ರಾಮ್ ಸಿಲಿಕಾ ಹಿಡಿದುಕೊಳ್ಳಬಲ್ಲದ್ದು ಅದರ ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹೆಪ್ಪಿನ ಕೆಲಸಕ್ಕೆ ಸಣ್ಣ ಪ್ರಮಾಣವೂ ನೆರವಾಗುತ್ತದೆ ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳುತ್ತೇನೆ. ಆದರೆ ನೀರೇ ಇಳಿಯುವುದಿಲ್ಲ ಎಂಬ ಭರವಸೆಯನ್ನು 72 ಗ್ರಾಮಿನ ಮೇಲೆ ಹೊರಿಸಲಾಗದು. ಶೇಕಡಾ 1 ಬೇಕೆಂದರೆ ಮೂಟೆಗೆ ಸುಮಾರು 1.4 ಲೀಟರ್ ಬೇಕು, ಆಗ 25 ಮೂಟೆಗೆ ಬರಬೇಕಾದ ಕ್ಯಾನ್ ಮೂರೂವರೆ ಮೂಟೆಗೆ ಖಾಲಿ. ಮಾರುವವರು ಈ ಪ್ರಮಾಣವನ್ನು ಯಾಕೆ ಹೇಳುವುದಿಲ್ಲ ಎಂಬುದು ಬಿಲ್ ನೋಡಿದರೆ ತಿಳಿಯುತ್ತದೆ.

ಪ್ರಮಾಣ ಹೆಚ್ಚಿಸಿದಾಗ ಮರೆಯಬಾರದ ಇನ್ನೊಂದು ಲೆಕ್ಕವಿದೆ. ಒಂದು ಘನ ಮೀಟರಿಗೆ 350 ಕಿಲೋ ಸಿಮೆಂಟ್, ಅನುಪಾತ 0.45, ನೀರು 157.5 ಲೀಟರ್ ಎಂದುಕೊಳ್ಳಿ. ಶೇಕಡಾ 2ರಂತೆ 7 ಕಿಲೋ ಸಿಲಿಕಾ ಬೇಕೆಂದರೆ 23 ಕಿಲೋಗಿಂತ ಹೆಚ್ಚು ದ್ರಾವಣ ಹಾಕಬೇಕು, ಅದರಲ್ಲಿ 16 ಲೀಟರಿನಷ್ಟು ನೀರೇ ಇರುತ್ತದೆ. ಅದನ್ನು ಕಳೆಯದೆ ಹೋದರೆ ಅನುಪಾತ ಸದ್ದಿಲ್ಲದೆ 0.5ರ ಹತ್ತಿರ ಬಂದು ನಿಲ್ಲುತ್ತದೆ.

ನಿಮ್ಮ ಮನೆಗೆ ನಾನಾದರೆ ಹೀಗೆ ಮಾಡುತ್ತಿದ್ದೆ. ಸಂಪಿಗೆ, ನೀರು ಹಿಡಿದಿಡುವ ರಚನೆಗಳಿಗೆ ಭಾರತೀಯ ಮಾನಕವಾದ ಐಎಸ್ 3370 ಕೇಳುವಂತೆ ಎಂ30 ಎಂಬ ಬಲದ ದರ್ಜೆಗಿಂತ ಕಡಿಮೆಯಿಲ್ಲದ ಕಾಂಕ್ರೀಟನ್ನು, ಅನುಪಾತ 0.45 ದಾಟದಂತೆ, ಜಿಜಿಬಿಎಸ್ ಅಂದರೆ ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ ಅಥವಾ ಹಾರುಬೂದಿ ಬೆರೆಸಿದ ಮಿಶ್ರಣದಲ್ಲಿ ಹಾಕಿಸುತ್ತಿದ್ದೆ. ನ್ಯಾನೊ ಸಿಲಿಕಾ ಕೊಡುವ ಬಾಳಿಕೆಯ ಬಹುಪಾಲನ್ನು ಇವೇ, ನಿಧಾನವಾಗಿಯಾದರೂ, ಅತಿ ಕಡಿಮೆ ಖರ್ಚಿನಲ್ಲಿ ಕೊಡುತ್ತವೆ. ಮೊದಲ ದಿನಗಳ ಬಲ ನಿಧಾನವಾಗಿ ಬರುವುದೊಂದೇ ಅವುಗಳ ಕೊರತೆ. ನ್ಯಾನೊ ಸಿಲಿಕಾ ನಿಜವಾಗಿ ಹೊಂದುವುದು ಅಲ್ಲಿ, ಆ ನಿಧಾನವನ್ನು ಸರಿದೂಗಿಸುವ ಜೊತೆಗಾರನಾಗಿ. ಬೆರೆಸಿದ ಸಿಮೆಂಟಿಗೆ ಐಎಸ್ 456 ಕೇಳುವುದು ಕನಿಷ್ಠ ಹತ್ತು ದಿನದ ಕ್ಯೂರಿಂಗ್, ಏಳಲ್ಲ.

ಹಳೇ ಗಾರೆ ಅವರ ಪ್ರಶ್ನೆ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಬಸವನಗುಡಿಯಲ್ಲಿ ನಮ್ಮ ಅಜ್ಜ ಕಟ್ಟಿಸಿದ ಮನೆಯ ಗೋಡೆಗಳು ಸುಣ್ಣದ ಗಾರೆಯವು. ಅಲ್ಲಲ್ಲಿ ಪುಡಿಯಾಗಿ ಉದುರುತ್ತಿವೆ. ಅದಕ್ಕೂ ಈ ನ್ಯಾನೊ ಸಿಲಿಕಾ ಬೆರೆಸಿದ ಸಿಮೆಂಟ್ ಗಾರೆಯನ್ನು ಬಳಿಸಬಹುದೇ?

ಕ್ಯೂಬ್ ಮುರಿಯುವವ ಅವರ ಉತ್ತರ:

ದಯವಿಟ್ಟು ಬೇಡ. ಸುಣ್ಣದ ಗೋಡೆ ಉಸಿರಾಡುವ ಗೋಡೆ. ಅದರ ಮೇಲೆ ಬಿಗಿಯಾದ ಸಿಮೆಂಟಿನ ಪದರ ಹೊದಿಸಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಹರಳುಗಟ್ಟಿ, ಹೊಸ ಪದರ ಹಳೆಯ ಗಾರೆಯನ್ನೂ ಎಳೆದುಕೊಂಡು ಬೀಳುತ್ತದೆ. ಅಂಥ ಗೋಡೆಗೆಂದೇ ನ್ಯಾನೊ ಸುಣ್ಣ ಎಂಬುದೊಂದಿದೆ. ಸುಣ್ಣದ ಅತಿ ಸೂಕ್ಷ್ಮ ಕಣಗಳನ್ನು ಆಲ್ಕೊಹಾಲಿನಲ್ಲಿ ತೇಲಿಬಿಟ್ಟು ಸಿಂಪಡಿಸಿದಾಗ ಅವು ಒಳಗಿಳಿದು, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಗೋಡೆಯದೇ ಪದಾರ್ಥವಾಗಿ ಗಟ್ಟಿಯಾಗುತ್ತವೆ. ಇಟಲಿಯ ಫ್ಲಾರೆನ್ಸ್ ವಿಶ್ವವಿದ್ಯಾಲಯದವರು ಭಿತ್ತಿಚಿತ್ರಗಳನ್ನು ಉಳಿಸಿಕೊಳ್ಳಲು ಇದನ್ನು ರೂಢಿಗೆ ತಂದರು. ನಿಮ್ಮದು ಚಿತ್ರವಿಲ್ಲದ ಗೋಡೆಯಾದರೆ ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ, ಉದುರಿದ ಕಡೆ ಸುಣ್ಣದ ಗಾರೆಯನ್ನೇ ಹಾಕಿಸಿ.

ಎಂಟನೇ ಮೈಲಿ ಅವರ ಉತ್ತರ:

ಒಂದು ರೆಡಿಮಿಕ್ಸ್ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸ ನನ್ನದು. ಕೈಸುಟ್ಟುಕೊಂಡ ಅನುಭವವೊಂದನ್ನು ಹೇಳುತ್ತೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಗ್ರಾಹಕರೊಬ್ಬರ ಒತ್ತಾಯಕ್ಕೆ ಪುಡಿ ರೂಪದ ನ್ಯಾನೊ ಸಿಲಿಕಾವನ್ನು ತರಿಸಿ, ಅವಸರದಲ್ಲಿ ಅದನ್ನು ನೇರವಾಗಿ ಮಿಕ್ಸರಿನ ಒಣ ಸಿಮೆಂಟಿನ ಮೇಲೆ ಸುರಿಸಲಾಯಿತು. ಇಪ್ಪತ್ತೆಂಟನೆಯ ದಿನ, ಬಲ ನೋಡಲೆಂದು ಎರಕ ಹೊಯ್ದ ಕ್ಯೂಬ್ ಮುರಿದಾಗ ಒಳಗೆಲ್ಲ ಸಾಬೂದಾನಿಯಂಥ ಬಿಳಿಯ ಗಂಟುಗಳು. ಉಗುರಿನಿಂದ ಕೆರೆದರೆ ಪುಡಿಯಾಗುತ್ತಿದ್ದವು. ಬಲ ಸಾಧಾರಣ ಮಿಶ್ರಣಕ್ಕಿಂತಲೂ ಕಡಿಮೆ ಬಂದಿತ್ತು. ನ್ಯಾನೊ ಕಣಗಳು ಒಂದನ್ನೊಂದು ಹಿಡಿದುಕೊಂಡು ಗಂಟಾದರೆ ಅವು ನ್ಯಾನೊ ಆಗಿ ಉಳಿಯುವುದಿಲ್ಲ, ದುಬಾರಿ ಧೂಳಾಗುತ್ತವೆ. ಪುಡಿಯನ್ನು ಸುರಿಯುತ್ತಿದ್ದ ಹುಡುಗನಿಗೆ ಮಾಸ್ಕ್ ಕೂಡ ಕೊಟ್ಟಿರಲಿಲ್ಲ ಎಂಬುದು ನನಗೆ ಇಂದಿಗೂ ನಾಚಿಕೆಯ ಸಂಗತಿ. ಅಷ್ಟು ಸಣ್ಣ ಕಣ ಶ್ವಾಸಕೋಶದ ತುದಿಯವರೆಗೂ ಹೋಗುತ್ತದೆ.

ಬಳಸಲೇಬೇಕೆಂದಿದ್ದರೆ ದ್ರಾವಣವನ್ನೇ ಬಳಸಿ. ಕ್ಯಾನನ್ನು ಬಗ್ಗಿಸಿದಾಗ ಒಳಗಿರುವುದು ಹಾಲಿನಂತೆ ತೆಳುವಾಗಿರಬೇಕು, ಲೋಳೆಯಾಗಿದ್ದರೆ ಅದು ಕೆಟ್ಟಿದೆ ಎಂದರ್ಥ. ಕಲಸುವ ನೀರಿನ ಬಹುಭಾಗದಲ್ಲಿ ಮೊದಲು ಅದನ್ನು ಬೆರೆಸಿ ಆಮೇಲೆ ಹಾಕಬೇಕು, ಸೂಪರ್‌ಪ್ಲಾಸ್ಟಿಸೈಸರನ್ನು ಉಳಿದ ನೀರಿನೊಡನೆ ಕೊನೆಗೆ ಕೊಡಬೇಕು. ಇನ್ನೊಂದು ಎಚ್ಚರಿಕೆ: ನ್ಯಾನೊ ಸಿಲಿಕಾ ಇರುವ ಕಾಂಕ್ರೀಟಿನ ಮೇಲೆ ನೀರು ತೇಲಿ ಬರುವುದು ಕಡಿಮೆ. ಮಾರ್ಚ್, ಏಪ್ರಿಲ್ ತಿಂಗಳ ಒಣಗಾಳಿಗೆ ಮೋಲ್ಡಿನ ಮೇಲ್ಮೈ ಒಂದೆರಡು ಗಂಟೆಯಲ್ಲಿಯೇ ಬಿರಿಯಬಹುದು. ಮಟ್ಟ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ. ಗಾರೆಗೂ ಇದೇ ಮಾತು. ಬಿರುಕೇ ಬರುವುದಿಲ್ಲ ಎಂಬ ಮಾರಾಟದ ಮಾತಿಗೆ ವಿರುದ್ಧವಾಗಿ, ಪ್ರಮಾಣ ಮೀರಿದರೆ ಕುಗ್ಗುವಿಕೆಯ ಬಿರುಕುಗಳೇ ಹೆಚ್ಚುತ್ತವೆ.

ಪರೀಕ್ಷಾ ವರದಿಯ ಬಗ್ಗೆಯೂ ಒಂದು ಮಾತು. ಎಎಸ್‌ಟಿಎಂ ಸಿ1202 ಪರೀಕ್ಷೆಯಲ್ಲಿ, ಅಂದರೆ ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನೊಳಗೆ ಎಷ್ಟು ಸುಲಭವಾಗಿ ಇಳಿಯುತ್ತದೆ ಎಂದು ಅಂದಾಜಿಸುವ ಪರೀಕ್ಷೆಯಲ್ಲಿ, 60 ವೋಲ್ಟಿನಲ್ಲಿ ಆರು ಗಂಟೆ ವಿದ್ಯುತ್ ಹರಿಸಿ, 1000 ಕೂಲಂಬಿಗಿಂತ ಕಡಿಮೆ ಬಂದರೆ ಅತ್ಯುತ್ತಮ ಎನ್ನುತ್ತಾರೆ. ಸಿಲಿಕಾ ರಂಧ್ರದೊಳಗಿನ ನೀರಿನ ವಿದ್ಯುತ್ ವಾಹಕತೆಯನ್ನೇ ತಗ್ಗಿಸುವುದರಿಂದ ಈ ಸಂಖ್ಯೆ ನಿಜವಾದ ಬಿಗಿಗಿಂತ ಚೆನ್ನಾಗಿ ಕಾಣುತ್ತದೆ. ನೀರು ಎಷ್ಟು ಆಳಕ್ಕೆ ಇಳಿಯಿತು ಎಂಬ ವರದಿಯನ್ನೂ ಕೇಳಿ ಪಡೆಯಿರಿ.

ಮೂವತ್ತು-ನಲವತ್ತು ಅವರ ಮರುಮಾತು:

ಎಲ್ಲರ ಉತ್ತರಗಳನ್ನೂ ಮೇಸ್ತ್ರಿಯವರಿಗೆ ಓದಿ ಹೇಳಿದೆ. ಅವರು ನಂಬಲಿಲ್ಲ, ಮಾಡಿ ತೋರಿಸಿ ಎಂದರು. ಆದ್ದರಿಂದ ಸಂಪಿನ ಪ್ಲಾಸ್ಟರಿಂಗಿನ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯಲ್ಲಿ, ಎಂ-ಸ್ಯಾಂಡನ್ನು ಒಂದೇ ರಾಶಿಯಿಂದ ತೆಗೆದು, ಮೂರು ಬಗೆಯ ಸಣ್ಣ ಕ್ಯೂಬ್‌ಗಳನ್ನು ಮಾಡಿದೆವು. ಒಂದನ್ನು ಅವರು ತಮ್ಮ ಕೈಯಳತೆಯ ನೀರಿನಲ್ಲಿ ಕಲಸಿದರು, ಇನ್ನೊಂದನ್ನು ನಾನು ಅಳೆದ ನೀರು ಮತ್ತು ಸ್ವಲ್ಪ ಪ್ಲಾಸ್ಟಿಸೈಸರಿನಲ್ಲಿ ಕಲಸಿದೆ, ಮೂರನೆಯದಕ್ಕೆ ಅದೇ ಅಳತೆಯ ಜೊತೆಗೆ, ಎಂಟನೇ ಮೈಲಿಯವರು ಹೇಳಿದ ಕ್ರಮದಲ್ಲಿ, ಶೇಕಡಾ 1 ನ್ಯಾನೊ ಸಿಲಿಕಾ. ಮೂರನ್ನೂ ಹತ್ತು ದಿನ ನೀರಿನಲ್ಲಿಟ್ಟು, ಒಂದು ವಾರ ಒಣಗಿಸಿ, ಮನೆಯ ಹಿತ್ತಾಳೆ ತಟ್ಟೆಯಲ್ಲಿ ಬೆರಳ ಉಗುರಿನಷ್ಟು ನೀರು ಹಾಕಿ ಅದರಲ್ಲಿ ನಿಲ್ಲಿಸಿದೆವು.

ಸಂಜೆಯ ಹೊತ್ತಿಗೆ ಮೇಸ್ತ್ರಿಯವರ ಕ್ಯೂಬಿನಲ್ಲಿ ತೇವದ ಗೆರೆ ಹೆಚ್ಚುಕಡಿಮೆ ನೆತ್ತಿಯವರೆಗೆ ಏರಿತ್ತು. ನಾನು ಅಳೆದು ಕಲಸಿದ್ದರಲ್ಲಿ ಅರ್ಧವನ್ನೂ ಮುಟ್ಟಿರಲಿಲ್ಲ. ನ್ಯಾನೊ ಇದ್ದದ್ದರಲ್ಲಿ ಅದಕ್ಕಿಂತ ಒಂದು ಬೆರಳು ಕೆಳಗಿತ್ತು. ಮೇಸ್ತ್ರಿಯವರು ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿ, ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರಕ್ಕೆ ಖರ್ಚೆಷ್ಟಾಯಿತು ಎಂದು ಕೇಳಿದರು. ಪ್ಲಾಸ್ಟಿಸೈಸರಿನ ಚಿಲ್ಲರೆ ಹಣ ಬಿಟ್ಟರೆ ಏನೂ ಇಲ್ಲ ಎಂದೆ. ಮರುದಿನ ಸೈಟಿಗೆ ಹೋದಾಗ ನೀರಿನ ಬಕೆಟ್ಟಿನ ಒಳಮೈಯಲ್ಲಿ ಕೆಂಪು ಬಣ್ಣದ ಗೆರೆಯೊಂದು ಎಳೆದಿತ್ತು.

ಸೋಮವಾರ ಸಂಪಿನ ತಳ ಹಾಕುತ್ತಿದ್ದೇವೆ. ಜಿಜಿಬಿಎಸ್ ಇರುವ ಎಂ30 ರೆಡಿಮಿಕ್ಸ್, ಕ್ಯಾನ್ ಇಲ್ಲ. ಒಳಗಿನ ಪ್ಲಾಸ್ಟರಿಂಗಿಗೆ ಮಾತ್ರ ಶೇಕಡಾ 1ರಂತೆ ಎರಡು ಕ್ಯಾನ್ ಕೊಳ್ಳೋಣ ಎಂದುಕೊಂಡಿದ್ದೇನೆ, ಕುಡಿಯುವ ನೀರಿಗೆ ತಕ್ಕದ್ದು ಎಂಬ ಪ್ರಮಾಣಪತ್ರವನ್ನು ಮಾರಾಟಗಾರರು ತೋರಿಸಿದರೆ. ಸಜ್ಜಾಗಳಿಗೆ 25 ಮಿಲಿಮೀಟರಿನ ಕವರ್ ಬ್ಲಾಕ್ ಬಂದಾಗಿದೆ.